ಕಂಪ್ಯೂಟರ್ ಯಾರ ಹೆಸರಿಗೆ?

ಹೋದ ಭಾನುವಾರ ನಮ್ಮ ಮನೆಯಲ್ಲಿ ಖಾತೆ ತಕರಾರು ಎದ್ದು, ಅದರ ನಡುವೆ ಒಲೆ ಮೇಲಿದ್ದ ಉಪ್ಪಿಟ್ಟು ತಳ ಹಿಡಿಯಿತು. ಜಮೀನಿನ ತಕರಾರಾಗಿದ್ದರೆ ಊರಿನ ನಾಲ್ಕು ಜನರನ್ನು ಕೂರಿಸಿ ತೀರ್ಮಾನ ಮಾಡಿಸಬಹುದಿತ್ತು. ಇದು ಕಂಪ್ಯೂಟರ್ ವಿಷಯ. ಯಾರನ್ನು ಕರೆಯೋದು?

ನನ್ನ ಹೆಂಡತಿ ಸವಿತಾ ಮನೆಯಲ್ಲೇ ಕೂತು ಮದುವೆ, ಗೃಹಪ್ರವೇಶದ ಕಾರ್ಡ್ ಡಿಸೈನ್ ಮಾಡುತ್ತಾಳೆ. ಹಳೇ ಕಂಪ್ಯೂಟರ್ ಎರಡು ಫೋಟೋ ಹಾಕಿದರೆ ಸಾಕು, ಮುನಿಸಿಕೊಂಡು ಕೂರುತ್ತಿತ್ತು. ಕಡೆಗೆ ತನ್ನ ದುಡಿಮೆಯ ದುಡ್ಡಲ್ಲೇ ಮಂಡ್ಯದ ಅಂಗಡಿಯಿಂದ ಒಂದೊಂದೇ ಪಾರ್ಟ್ ತಂದು, ವಿಡಿಯೋ ನೋಡಿಕೊಂಡು ಹೊಸದನ್ನು ತಾನೇ ಜೋಡಿಸಿದಳು. (ನನ್ನ ಕೊಡುಗೆ: ಟಾರ್ಚ್ ಹಿಡಿದದ್ದು.) ಇನ್ನು ಉಳಿದದ್ದು ಆಪರೇಟಿಂಗ್ ಸಿಸ್ಟಂ ಹಾಕೋದು. ಅದಿಲ್ಲದೆ ಅಷ್ಟು ದೊಡ್ಡ ಡಬ್ಬ ಬರೀ ಫ್ಯಾನ್ ಅಷ್ಟೇ.

ಸುದ್ದಿ ತಿಳಿದ ಅಪ್ಪ, ಅಮ್ಮ ಚಿಕ್ಕರಸಿನಕೆರೆಯಿಂದ ಬೆಳಗಿನ ಬಸ್ಸಿಗೇ ಬಂದಿಳಿದರು. ಹೊಸ ಟ್ರ್ಯಾಕ್ಟರ್‌ಗೆ ಮಾಡುವ ಹಾಗೆ ಕ್ಯಾಬಿನೆಟ್ಟಿಗೆ ಕುಂಕುಮ, ಹೂವು ಎಲ್ಲ ಆಯಿತು. ನಿಂಬೆಹಣ್ಣು ಇಡೋಕೆ ಚಕ್ರ ಇಲ್ಲವಲ್ಲ ಅಂತ ಅಪ್ಪ ಸ್ವಲ್ಪ ಬೇಜಾರು ಮಾಡಿಕೊಂಡ.

ಸವಿತಾ ಪೆನ್‌ಡ್ರೈವ್ ಚುಚ್ಚಿದಳು. ಪರದೆ ಬೆಳಗಿತು. ಯಾವ ಭಾಷೆ ಅಂತ ಕೇಳಿತು, ಯಾವ ದೇಶ ಅಂತ ಕೇಳಿತು. ಒಂದೆರಡು ಸಲ ಆರಿ ಹತ್ತಿತು. ಆಮೇಲೆ ಹೆಣ್ಣು ನೋಡಲು ಬಂದವರ ಹಾಗೆ ವಿಚಾರಣೆ ಶುರು ಮಾಡಿತು: ಈ ಕಂಪ್ಯೂಟರ್ ಬಳಸುವವರು ಯಾರು? ಹೆಸರು ಹೇಳಿ.

"ನನ್ನೆಸ್ರು ಆಕ್ಬುಡ್ಲಾ," ಅಂದ ಅಪ್ಪ, ನನ್ನ ಕಡೆ ತಿರುಗಿ. "ಜಮೀನು, ಕರೆಂಟ್ ಬಿಲ್ಲು, ಗ್ಯಾಸು ಎಲ್ಲಾ ನನ್ನೆಸ್ರಲ್ಲೇ ಅವೆ. ಇದೊಂದ್ಯಾಕೆ ಬ್ಯಾರೆ?"

"ಇದು ಮಂಡ್ಯದ ಮನೆ ಕಣಪ್ಪ, ನನ್ನೆಸ್ರೇ ಇರ್ಲಿ," ಅಂದೆ. (ಟಾರ್ಚ್ ಹಿಡಿದವನಿಗೆ ಅಷ್ಟೂ ಹಕ್ಕಿಲ್ಲವೇ?)

ಸವಿತಾ ಸ್ಕ್ರೂಡ್ರೈವರನ್ನು ಟಕ್ ಅಂತ ಮೇಜಿನ ಮೇಲಿಟ್ಟಳು. ಅವಳ ಮುಖ ನೋಡಿ ನನಗೇ ಕಸಿವಿಸಿಯಾಯಿತು. ಊರವರ ಕಾರ್ಡಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಭಾವಮೈದುನ, ಯಾರ ಹೆಸರೂ ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವವಳು ಅವಳು. ತಾನೇ ಜೋಡಿಸಿದ್ದಕ್ಕೆ ತನ್ನ ಹೆಸರಿಡೋಕೆ ಇಷ್ಟು ಜನರ ಮೀಟಿಂಗ್ ಬೇಕೇ?

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಬಂದಳು.

"ನಾನು ಮದ್ವೆಯಾಗಿ ಬಂದಾಗ ತಂದ ಪಾತ್ರೆ ಮ್ಯಾಲೆ ಎಸ್ರು ಕೆತ್ಸಿದ್ರು ಕಣ್ಲಾ. ಅದೂ ನಮ್ಮಪ್ಪನ ಎಸ್ರು. ನಂದು ಎಲ್ಲೂ ಇಲ್ಲ. ಜೋಡ್ಸಿರೋಳು ಅವ್ಳು, ಅವ್ಳೆಸ್ರೇ ಇರ್ಲಿ ಬುಡು."

ಅಪ್ಪ ಕೆಮ್ಮಿದ. ನಾನು ಚಾರ್ಜರ್ ಹುಡುಕುವವನಂತೆ ಬಗ್ಗಿದೆ. ಸವಿತಾ ತನ್ನ ಹೆಸರು ಟೈಪ್ ಮಾಡಿದಳು. ಪಾಸ್‌ವರ್ಡ್ ಕೇಳಿದಾಗ, "ಎಲ್ರೂ ಸ್ವಲ್ಪ ಅತ್ಲಾಗ್ ತಿರುಗ್ಕೊಳಿ," ಅಂದಳು. ತಿರುಗಿಕೊಂಡೆವು. ಖಾತೆದಾರರ ಮಾತು, ಕೇಳಲೇಬೇಕಲ್ಲ.

ಎಲ್ಲ ಮುಗಿದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು: "ಅದ್ರಲ್ಲಿ ಇನ್ನೊಂದೆಸ್ರು ಇಡಿಸ್ತದಾ ಮಗ?"

ಹಿಡಿಸಿತು. ಈಗ ಸ್ವಿಚ್ ಹಾಕಿದರೆ ಪರದೆ ಮೇಲೆ ಎರಡು ಹೆಸರು: ಸವಿತಾ, ನಿಂಗಮ್ಮ. ಅಮ್ಮನಿಗೆ ಮೌಸ್ ಹಿಡಿಯಲು ಬಾರದು. ಆದರೂ ತನ್ನ ಹೆಸರನ್ನು ಬೆರಳಲ್ಲಿ ಮುಟ್ಟಿ ನೋಡಿ, ಪಾಸ್‌ವರ್ಡನ್ನು ಸೊಸೆಯ ಕಿವಿಯಲ್ಲಿ ಉಸುರಿ ಟೈಪ್ ಮಾಡಿಸಿದಳು. ನನಗೆ ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅವತ್ತಿನಿಂದ ಅಪ್ಪ ದಿನಾ ಫೋನ್ ಮಾಡುತ್ತಾನೆ. "ಆ ಪಾಸ್‌ವರ್ಡು ಏನಂತ ನಿನ್ನೆಂಡ್ತಿನಾರಾ ಕೇಳ್ಲಾ. ಇವ್ಳು ಬಾಯೇ ಬುಡ್ತಿಲ್ಲ."

ಇಷ್ಟು ವರ್ಷ ಸಂಸಾರ ಮಾಡಿದ ಅಮ್ಮನ ಹತ್ತಿರ ಗಂಡನಿಗೆ ಗೊತ್ತಿಲ್ಲದ್ದು ಒಂದೇ ಒಂದು ಪದವಾದರೂ ಇರಬಾರದೇ?