ಎಲ್ಲಿಗೆ ಎಂದು ಕೇಳುವಾಕೆ

ಹೊರಗೆ ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು. ನಮ್ಮ ಮನೆಯಲ್ಲಿ ಮಗ್ಗಿಗಿಂತ ಮೊದಲು ಕಲಿಸುತ್ತಿದ್ದ ಪಾಠ ಇದು. ತೀರಾ ತಿಳಿಯಲೇಬೇಕಿದ್ದರೆ "ದೂರ ಹೊರಟ್ರಾ?" ಎನ್ನಬೇಕು. ಎಲ್ಲಿಗೆ ಎಂದುಬಿಟ್ಟರೆ ಹೋದ ಕೆಲಸ ಕೆಡುತ್ತದೆ. ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಈ ಶಕುನ ಗಿಕುನ ನಂಬುವವಳಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೂ ಶಂಕರಪುರದಲ್ಲಿ ನಮ್ಮ ಎದುರುಮನೆಯಾಕೆ ಅಪ್ಪನನ್ನು ಕಂಡು "ಮೇಷ್ಟ್ರೇ, ಎಲ್ಲಿಗೆ?" ಎಂದು ಕೂಗಿದಾಗಲೆಲ್ಲ ನನಗೂ ಮೈ ಉರಿಯುತ್ತಿತ್ತು.

ಆಕೆ ಕನಕಪುರದ ಕಡೆಯವರು, ಗಂಡ ತೀರಿಕೊಂಡಿದ್ದರು. ಬೆಳಿಗ್ಗೆ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಇರುತ್ತಿದ್ದರು. ಕೈ ಮೊರದಲ್ಲಿ, ಕಣ್ಣು ಬೀದಿಯಲ್ಲಿ. "ಇನ್ನೂ ಎಷ್ಟು ದಿನ ಆರಿಸ್ತೀಯವ್ವಾ ಗಂಡನ್ನ, ಸಂತೇಲಿ ಬದನೆಕಾಯಿ ಆರಿಸ್ದಂಗೆ?" ಎಂದು ನಡುಬೀದಿಯಲ್ಲಿ ನನ್ನನ್ನು ಕೇಳಿದ ಬಾಯಿ ಅದು. ಅಂಥ ಬಾಯನ್ನು ಯಾರು ತಾನೇ ಮೆಚ್ಚುತ್ತಾರೆ?

ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಮ್ಮ ಮನೆಯಲ್ಲೊಂದು ಗುಟ್ಟಿತ್ತು. ಅಪ್ಪನಿಗೆ ಮರೆವು ಬಂದಿತ್ತು. ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ. ಚಾಮರಾಜಪೇಟೆಯ ಶಾಲೆಯಲ್ಲಿ ಬದುಕಿಡೀ ಗಣಿತ ಹೇಳಿಕೊಟ್ಟ ಮನುಷ್ಯ, ಒಂದು ದಿನ ಬಚ್ಚಲಮನೆ ಬಾಗಿಲಲ್ಲಿ ನಿಂತು "ಇದು ಯಾರ ಮನೆ?" ಎಂದು ಅಮ್ಮನನ್ನು ಕೇಳಿದರು. ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಅಪ್ಪನ ಬೆಳಗಿನ ತಿರುಗಾಟ ನಿಂತರೆ ಬೀದಿಯವರು ಯಾಕೆಂದು ಕೇಳುತ್ತಾರೆ, ಜೊತೆಗೆ ಹೋದರೂ ಕೇಳುತ್ತಾರೆ. ಆಗಷ್ಟೇ ನನ್ನ ಮದುವೆಯ ಮಾತು ಒಂದು ಕಡೆ ಕುದುರುತ್ತಿತ್ತು. ಹುಡುಗಿಯ ತಂದೆಗೆ ತಲೆ ಸರಿಯಿಲ್ಲವಂತೆ ಎಂಬ ಒಂದು ಮಾತು ಸಾಕಿತ್ತು, ಮುರಿದು ಬೀಳಲು. ಹಾಗಾಗಿ ಅಪ್ಪ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಎಂದಿನಂತೆ ಒಬ್ಬರೇ ಹೊರಡುತ್ತಿದ್ದರು. ಅಮ್ಮ ಕಿಟಕಿಯಿಂದ ತಿರುವಿನ ತನಕ ನೋಡಿ, ಆಮೇಲೆ ದೇವರ ಮೇಲೆ ಭಾರ ಹಾಕುತ್ತಿದ್ದಳು. ಅವರು ಮರಳಿ ಬರುವವರೆಗೂ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ.

ಕೆಲವು ದಿನ "ಎಲ್ಲಿಗೆ?" ಎಂದದ್ದೇ ಅಪ್ಪ ನಿಂತುಬಿಡುತ್ತಿದ್ದರು. ಆಕೆ ಗೇಟಿನ ಹತ್ತಿರ ಬಂದು ಮೆಲ್ಲಗೆ ಏನೋ ಹೇಳುತ್ತಿದ್ದರು. ಅಪ್ಪ ಸರಕ್ಕನೆ ತಿರುಗಿ ಮನೆಗೆ ಬಂದು, ಚಪ್ಪಲಿ ಬಿಟ್ಟು, "ಕಾಫಿ ಕೊಡೇ" ಎನ್ನುತ್ತಿದ್ದರು.

"ನೋಡಿದ್ಯಾ, ಶನಿ ಹಾಗೆ ಅಡ್ಡ ಬಂದ್ಲು. ಪಾಪ, ಶಕುನ ಕೆಡ್ತು ಅಂತ ವಾಪಸ್ ಬಂದಿದಾರೆ" ಎಂದು ಅಮ್ಮ ಹಲ್ಲು ಕಡಿಯುತ್ತಿದ್ದಳು. ಆಕೆ ನಮ್ಮ ಮನೆಯ ಗುಟ್ಟು ಕೆದಕುತ್ತಿದ್ದಾರೆ ಎಂಬ ಭಯ ಬೇರೆ.

ಒಂದು ಬೆಳಿಗ್ಗೆ ಹೀಗೆ ಎರಡು ಸಲ ಆಯಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿಯೇ ಬಿಟ್ಟಳು.

"ಏನ್ರೀ, ಇಷ್ಟು ವಯಸ್ಸಾಗಿದೆ, ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದು ಅಂತ ಗೊತ್ತಾಗಲ್ವಾ? ಇನ್ಮೇಲೆ ನಮ್ಮನೆಯವರನ್ನ ಮಾತಾಡಿಸ್ಬೇಡಿ. ಕೈ ಮುಗೀತೀನಿ."

ಆಕೆ ತಲೆಯೆತ್ತಿದರು. ಜಗಳ ಕಾಯುತ್ತಾರೆ ಎಂದುಕೊಂಡೆ. ಆಕೆಗೆ ಬಾಯಿ ಇರಲಿಲ್ಲವೇ? ಆದರೆ ಬಂದ ಮಾತನ್ನು ನುಂಗಿಕೊಂಡು, "ಆಯ್ತು ಬಿಡಮ್ಮ, ಕೇಳಾಕಿಲ್ಲ" ಎಂದಷ್ಟೇ ಅಂದರು. ಸದ್ಯ, ಪೀಡೆ ಕಳೀತು ಎಂದು ನಾನು ಬಸ್ಸು ಹಿಡಿದೆ.

ಆಕೆ ಮಾತಿಗೆ ತಪ್ಪಲಿಲ್ಲ. ಮುಂದಿನ ವಾರವೇ ಅಪ್ಪ ಹೋದವರು ಮರಳಿ ಬರಲಿಲ್ಲ.

ಅಮ್ಮ ಬ್ಯಾಂಕಿಗೆ ಫೋನು ಮಾಡಿದಳು. ಗಾಂಧಿ ಬಜಾರು, ಹಳೆಯ ಶಾಲೆ, ಎನ್.ಆರ್. ಕಾಲೋನಿಯ ಅತ್ತೆಯ ಮನೆ, ಎಲ್ಲ ಕಡೆ ಆಟೋದಲ್ಲಿ ಸುತ್ತಿದೆ. ಪೊಲೀಸರಿಗೆ ಫೋಟೋ ಕೊಟ್ಟು ಮನೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಅಮ್ಮ ಹೊಸ್ತಿಲ ಹತ್ತಿರ ಕುಸಿದು ಕೂತಿದ್ದಳು. ಎದುರುಮನೆಯಾಕೆ ಅವಳ ಮುಂದೆ ನಿಂತಿದ್ದರು.

"ನಾನು ನೋಡ್ದೆ ಕಣಮ್ಮ. ಮುಖ ನೋಡಿದ್ದೇ ಗೊತ್ತಾಯ್ತು, ಇವತ್ತು ಅವ್ರಿಗೆ ದಾರಿ ತಿಳೀತಿಲ್ಲ ಅಂತ. ಕೇಳೋಕೆ ಬಾಯಿಗೆ ಬಂತು. ನೀವು ಕೈ ಮುಗಿದಿದ್ದು ನೆಪ್ಪಾಯ್ತು."

"ನಿಮಗೆ ಹೇಗೆ ಗೊತ್ತು?" ಅಮ್ಮ ಕೇಳಿದಳು.

"ನಮ್ ಮಾವನೋರ್ಗೂ ಹಿಂಗೇ ಆಗಿತ್ತು. ಎಲ್ಲಿಗೆ ಅಂದ್ರೆ ಮೇಷ್ಟ್ರು ಥಟ್ಟಂತ ಹೇಳಿದ್ ದಿನ ಸುಮ್ಕಿರ್ತಿದ್ದೆ. ತಡವರಿಸಿದ್ ದಿನ, ಕಾಫಿ ಆರೋಗ್ತೈತಂತೆ, ಅಮ್ಮಾವ್ರು ಕರೀತಾವ್ರೆ ಅಂತ ತಿರುಗಿಸ್ತಿದ್ದೆ."

ನನಗೆ ಅಳುವಿಗಿಂತ ಮುಂಚೆ ಸಿಟ್ಟು ಬಂತು. "ಹಾಗಂತ ಶಕುನ ಕೆಡಿಸೋದಾ? ನಿಮ್ಮ ಕಡೆ ಗೊತ್ತಿಲ್ವಾ ಇದೆಲ್ಲ?"

"ಗೊತ್ತಿಲ್ದೆ ಏನು? ನಮ್ಮೂರಲ್ಲಿ ಎಲ್ಲಿಗೆ ಅಂದ್ರೆ ಮುಖಕ್ಕೇ ಉಗೀತಾರೆ. ಈ ಬೀದೀಲಿ ಮೇಷ್ಟ್ರನ್ನ ಬಿಟ್ಟು ಇನ್ಯಾರನ್ನಾರ ಕೇಳಿದ್ದು ನೋಡಿದೀಯಾ ನೀನು?"

ನೋಡಿರಲಿಲ್ಲ. ನಾನು ಹೊರಟಾಗಲೆಲ್ಲ "ಹೋಗ್ಬಾರವ್ವ" ಎನ್ನುತ್ತಿದ್ದರು, ಅಷ್ಟೇ. ಗಂಡಿನ ಕಡೆಯವರು ನಮ್ಮ ಬೀದಿಗೆ ಬಂದು ಮನೆತನ ಹೇಗೆಂದು ವಿಚಾರಿಸಿದ್ದು ಆಕೆಯ ಮನೆ ಮೆಟ್ಟಿಲ ಮೇಲೆ. ಅಪ್ಪನ ವಿಷಯ ಆ ಬಾಯಿಂದ ಹೊರಬಿದ್ದಿರಲಿಲ್ಲ.

ಸಂಜೆ ಉಪ್ಪಾರಪೇಟೆ ಠಾಣೆಯಿಂದ ಸುದ್ದಿ ಬಂತು. ಮೆಜೆಸ್ಟಿಕ್ಕಿನಲ್ಲಿ ಯಾವುದೋ ಲಾಡ್ಜಿನ ಮೆಟ್ಟಿಲಿಂದ ಅಪ್ಪ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ಕಂಡು, "ಮೇಡಂ, ಮನೆಗೆ ಕಳಿಸ್ತೀರಾ?" ಎಂದು ಕೇಳಿದರು. ಆ ಮೇಡಂ ಎಂಬ ಮಾತನ್ನು ಇಂದಿಗೂ ಯಾರಾದರೂ ಅಂದರೆ ನನಗೆ ಆಗುವುದಿಲ್ಲ.

ಅಪ್ಪ ಮತ್ತೆ ಏಳಲಿಲ್ಲ. ಮದುವೆಯ ಮಾತೂ ಮುರಿಯಿತು. ಆಕೆ ದಿನಾ ಮಧ್ಯಾಹ್ನ ಮೊರ ಹಿಡಿದುಕೊಂಡು ಬಂದು ಅಪ್ಪನ ಮಂಚದ ಬಳಿ ಕೂರುತ್ತಿದ್ದರು. ಬಾಯೇನೂ ಬದಲಾಗಲಿಲ್ಲ. ನನ್ನನ್ನು "ಒಣಗಿದ್ ಮೆಣಸಿನ್ಕಾಯಿ" ಎನ್ನುತ್ತಿದ್ದರು, ನಾನು ಧಡಾರನೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆದರೆ ಎದ್ದು ಹೋಗುವಾಗ ಪ್ರತಿ ಸಲವೂ ಅಮ್ಮನಿಗೆ ಒಂದೇ ಮಾತು: "ಅವತ್ತು ನಾನು ಕೇಳ್ಬೇಕಾಗಿತ್ತು ಕಣಮ್ಮ. ನಂದೇ ತಪ್ಪು." ಅಮ್ಮ ಕಾಫಿಯ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ತಪ್ಪಲ್ಲ ಅಂತ ಒಂದು ಸಲ ಹೇಳಿದ್ರೆ ನಿನ್ನ ಗಂಟೇನಮ್ಮಾ ಹೋಗುತ್ತೆ?"

ಅಮ್ಮ ಲೋಟ ತೊಳೆಯುತ್ತಿದ್ದಳು. "ಅವರದ್ದಲ್ಲ ಅಂದ್ರೆ ಯಾರದ್ದು ಅಂತ ಹೇಳ್ಬೇಕಾಗುತ್ತಲ್ಲೇ" ಎಂದಳು.

ಅಪ್ಪ ಹೋದ ಮೇಲೆ, ವೈಕುಂಠ ಸಮಾರಾಧನೆಯ ಊಟ ಮುಗಿಸಿ ಹೊರಟ ಆಕೆಯನ್ನು ಗೇಟಿನಲ್ಲಿ ನಿಲ್ಲಿಸಿದೆ. ಅಮ್ಮ ಹೇಳದ್ದನ್ನು ನಾನೇ ಹೇಳಿದೆ: "ತಪ್ಪು ನಿಮ್ಮದಲ್ಲ."

ಆಕೆ ಒಳಗೊಮ್ಮೆ ಇಣುಕಿ ದನಿ ತಗ್ಗಿಸಿದರು.

"ನಂಗೊತ್ತು ಕಣವ್ವ. ನಿಮ್ಮಮ್ಮ ಇನ್ನೂ ಬದುಕ್ಬೇಕಲ್ಲ."