ಬೆನ್ನಿನ ಜಿಪ್ಪು

ಕೇಳಿರಿ, ದೇವರ ಮಕ್ಕಳೇ; ಒಂದು ಗಳಿಗೆ ಕೈಕೆಲಸ ಬಿಟ್ಟು ಕಿವಿಗೊಡಿರಿ. ನರಭಕ್ಷಕ ಮೃಗವೊಂದು ಪಟ್ಟಣಕ್ಕೆ ನುಗ್ಗುವ ಅಗ್ಗದ ಸಿನಿಮಾವೊಂದರಲ್ಲಿ, ಆ ಮೃಗದ ಒಳಗಿದ್ದವನ ಕಥೆಯಿದು.

ಅವನು ದರ್ಜಿ. ರಬ್ಬರು, ಸ್ಪಂಜು, ಹಳೆಯ ಕಂಬಳಿ ಕೂಡಿಸಿ ಮೃಗದ ಚರ್ಮ ಹೊಲಿದವನು ಅವನೇ. ತನ್ನ ಮೈಯಳತೆಗೇ ಹೊಲಿದದ್ದರಿಂದ ತೊಡುವ ಪಾಡೂ ಅವನಿಗೇ ಬಂತು. ಹೊಟ್ಟೆಯ ಮೇಲೆ ಜಿಪ್ಪು ಕಂಡರೆ ಜನ ನಕ್ಕಾರೆಂದು ಅದನ್ನು ಬೆನ್ನಿಗಿಟ್ಟಿದ್ದ. ತಲೆಯನ್ನೂ ಮೈಗೇ ಸೇರಿಸಿ ಹೊಲಿದಿದ್ದ. ಒಮ್ಮೆ ತೊಟ್ಟನೆಂದರೆ ಇನ್ನೊಬ್ಬರು ಎಳೆಯದೆ ಹೊರಬರುವಂತಿರಲಿಲ್ಲ. ಸೆಟ್ಟಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. "ಮೃಗಾನ ಕರೀರಿ", "ಮೃಗಾನ ಗೋಡೆ ಪಕ್ಕ ನಿಲ್ಸಿ", ಅಷ್ಟೇ.

ತನಗೊಪ್ಪದ ಮದುವೆಯಾದಳೆಂದು ಅವನು ಒಬ್ಬಳೇ ಮಗಳೊಡನೆ ಮೂರು ವರ್ಷ ಮಾತು ಬಿಟ್ಟಿದ್ದ. ಅಂದು ಮಧ್ಯಾಹ್ನ ಒಂದಕ್ಕೆ ಸ್ಟುಡಿಯೋ ಕಚೇರಿಗೆ ಫೋನ್ ಮಾಡುವೆನೆಂದು ಅವಳೇ ಹೇಳಿಕಳಿಸಿದ್ದಳು. ಇದೇ ಕೊನೆಯ ಸಲ ಎಂದೂ ಹೇಳಿದ್ದಳು.

ಒಂದಕ್ಕೆ ಐದು ನಿಮಿಷವಿರುವಾಗ ಊಟದ ಬಿಡುವಾಯಿತು. "ಜಿಪ್ಪು ತೆಗೀರಪ್ಪಾ!" ಎಂದು ಒಳಗಿಂದ ಕೂಗಿದ. ರಬ್ಬರು ದಾಟಿ ಹೊರಬಂದದ್ದು ಬರಿಯ ಗುರುಗುಟ್ಟುವ ಸದ್ದು.

"ಇದಕ್ಯಾಕಯ್ಯಾ ಊಟ? ಬೆಳಿಗ್ಗೆ ತಾನೆ ಇನ್ಸ್‌ಪೆಕ್ಟರನ್ನ ತಿಂದಿದೆ!" ಎಂದ ಕ್ಯಾಮೆರಾದವನು. ಎಲ್ಲರೂ ನಗುತ್ತ ಹೊರಟುಹೋದರು.

ಕಚೇರಿಯಲ್ಲಿ ಫೋನ್ ಬಡಿದುಕೊಂಡಿತು. ಬಾಲವೆಳೆದುಕೊಂಡು ಓಡಿದ. ಎರಡು ಪಂಜಗಳ ನಡುವೆ ರಿಸೀವರ್ ಒತ್ತಿಹಿಡಿದು, ಪ್ರಾಣವನ್ನೆಲ್ಲ ಕೊರಳಿಗೆ ತಂದುಕೊಂಡು, "ಮಗಳೇ" ಎಂದ.

ಆ ಕಡೆಗೆ ಮುಟ್ಟಿದ್ದು ಗುರುಗುಟ್ಟುವ ಸದ್ದೊಂದೇ. "ಇನ್ನೂ ಸಿಟ್ಟು ಇಳಿದಿಲ್ವಾ ಅಪ್ಪಾ? ಹೀಗೆ ಗುರ್ ಅನ್ನಿಸ್ಕೊಳ್ಳೋಕಾ ನಾನು ಫೋನ್ ಮಾಡಿದ್ದು?"

ಕಟ್ಟಾಯಿತು.

ಆ ಖಾಲಿ ಕೋಣೆಯಲ್ಲಿ ಮೃಗ ಗೋಡೆಗೆ ಹಣೆಯಿಟ್ಟು ಅತ್ತಿತು. "ಭಲೇ, ಊಟ ಬಿಟ್ಟು ಅಭ್ಯಾಸ ಮಾಡ್ತಿದಾನೆ!" ಎಂದರು ಹೊರಗಿನವರು. ನೆಲ ಒರೆಸುವಾಕೆಗೆ ಮಾತ್ರ ಆ ಸದ್ದಿನಲ್ಲಿ ಬಿಕ್ಕು ಕೇಳಿಸಿತು. ಬಕೆಟ್ ಕೆಳಗಿಟ್ಟು ಒಳಬಂದಳು.

"ಯಾಕಣ್ಣಾ ಅಳ್ತೀಯಾ? ತಿರುಗು ಈ ಕಡೆ. ಅಯ್ಯೋ, ಬೆವರಲ್ಲೇ ಬೆಂದುಹೋಗಿದೀಯಲ್ಲೋ!" ಸಿಕ್ಕಿಕೊಂಡಿದ್ದ ಜಿಪ್ಪಿಗೆ ಸೋಪು ಸವರಿ ಎಳೆದಳು.

ಸೊಂಟದವರೆಗೆ ಮನುಷ್ಯ, ಕೆಳಗೆ ಮೃಗ. ಹಾಗೆಯೇ ನಿಂತು, ಬಾಯಿಪಾಠವಾಗಿದ್ದರೂ ಹಟದಿಂದ ಒಮ್ಮೆಯೂ ತಿರುಗಿಸದ ಸಂಖ್ಯೆಯನ್ನು ತಿರುಗಿಸಿದ. "ನಾನಮ್ಮಾ. ಗುರ್ ಅನ್ನಲಿಲ್ಲ ಕಣೇ, ಮಗಳೇ ಅಂದೆ."

ಈ ಸಲ ಫೋನ್ ಕಟ್ಟಾಗಲಿಲ್ಲ. ಆ ಕಡೆ ಮಗಳ ಉಸಿರು ಕೇಳುತ್ತಿತ್ತು.

ಬಂಧುಗಳೇ, ನಿಮ್ಮ ನಡುವೆ ಯಾರಾದರೂ ಗುರುಗುಟ್ಟಿದರೆ ನಕ್ಕು ಊಟಕ್ಕೆ ನಡೆದುಬಿಡಬೇಡಿ. ನೆಲ ಒರೆಸುವ ಆ ತಾಯಿಗೆ ಕೊಟ್ಟ ಕಿವಿಯನ್ನು ದೇವರು ನಿಮಗೂ ಕೊಡಲಿ. ಕೈಯಲ್ಲಿರುವುದನ್ನು ಕೆಳಗಿಟ್ಟು ಒಳಗೆ ಹೋಗಿರಿ. ಬೆನ್ನ ಹಿಂದೆ ನಿಂತು ಕೈಹಚ್ಚಿರಿ.