ಬೋರ್ಡಿನ ಕೆಳಗೆ ಕೂತ ಮೊಂಡಿ

ಏಳನೇ ತರಗತಿಯಲ್ಲಿ, ನನ್ನ ಮೇಜಿನ ಮೇಲೆ ಮಸಿ ಚೆಲ್ಲಿದ್ದು ತಾನಲ್ಲವೆಂದು ಇಡೀ ಮಧ್ಯಾಹ್ನ ಬಾಗಿಲ ಬಳಿ ನಿಂತಳೇ ಹೊರತು ಅವಳು ಕ್ಷಮೆ ಕೇಳಲಿಲ್ಲ. ಅಂದಿನಿಂದ ಎಲ್ಲರಿಗೂ ಮೊಂಡಿ. ಸಂಜೆ ನನ್ನ ಅಂಗಿಯ ತೋಳಿನಲ್ಲೇ ಮಸಿ ಕಂಡಿತು.

ಮೊಂಡಿ ಈಗ ಇಪ್ಪತ್ತೆರಡು ವರ್ಷಗಳಿಂದ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿದ್ದಾಳೆ. ಬಸ್ಸಿನ ಪ್ಲಾಟ್‌ಫಾರಂ ಬದಲಾದರೆ ಅವಳು ಕಂಪ್ಯೂಟರಿನಲ್ಲಿ ತಿದ್ದಬೇಕು. ಅದು ಅವಳ ತಲೆಯ ಮೇಲಿನ ಬೋರ್ಡಿನಲ್ಲಿ ಮೂಡಬೇಕು. ಕೂತಲ್ಲಿಂದ ಬೋರ್ಡು ಕಾಣದು. ಅಲ್ಲಿ ಹೊಸದು ಮೂಡಿದೊಡನೆ ಎದುರಿನ ಚಹಾದಂಗಡಿಯವನು "ಅಕ್ಕಾ, ಬಂತು" ಎಂದು ಕೂಗುವನು. ಗೋಡೆ ಗಡಿಯಾರ ನೋಡಿ ಆ ಹೊತ್ತನ್ನು ಅವಳು ಪುಸ್ತಕದಲ್ಲಿ ಬರೆದಿಡುವಳು.

ಒಂದು ವಾರ ಬೋರ್ಡು ಗಂಟೆಗಟ್ಟಲೆ ಹಳೆಯದನ್ನೇ ತೋರಿಸಿತು. ಜನ ಬಸ್ಸು ತಪ್ಪಿಸಿಕೊಂಡರು. ಅವಳೇ ಹೊತ್ತಿಗೆ ಸರಿಯಾಗಿ ತಿದ್ದಲಿಲ್ಲವೆಂದು ಮೇಲ್ವಿಚಾರಕರು ತಪ್ಪೊಪ್ಪಿಗೆ ಪತ್ರ ತಂದಿಟ್ಟರು. ಸಹಿ ಹಾಕಿದರೆ ಕಿಟಕಿ ಹೋಗಿ ಗೋದಾಮೇ ಗತಿ. ನಾನು ಅಲ್ಲೇ ಬೆಂಚಿನ ಮೇಲಿದ್ದೆ.

"ಸಹಿ ಮಾಡಮ್ಮಾ, ಮುಗೀತು."

"ಮುಗಿಯೋದು ನಂದು ಸಾರ್, ನಿಮ್ದಲ್ಲ. ಮಾಡಲ್ಲ."

"ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳುತ್ತಾ?"

"ಸುಳ್ಳಲ್ಲ. ಅದಕ್ಕೆ ಗಂಟೆ ಎಷ್ಟು ಅಂತ ಗೊತ್ತಿಲ್ಲ."

ಪುಸ್ತಕ ತೆರೆದು, ಬೋರ್ಡಿನ ಕಂಪನಿಯವರನ್ನು ಕೇಳಿ ತಿಳಿದದ್ದನ್ನು ವಿವರಿಸಿದಳು. ಬೋರ್ಡು ತನ್ನ ಮಾಹಿತಿಯ ನಕಲೊಂದನ್ನು ಇಟ್ಟುಕೊಂಡು, ಹತ್ತು ನಿಮಿಷಕ್ಕೆ ಅದನ್ನು ಎಸೆದು ಹೊಸದನ್ನು ತರುತ್ತದೆ. ನಕಲಿನ ಮೇಲೆ 'ಇಷ್ಟು ಗಂಟೆಯವರೆಗೆ' ಎಂದು ಬರೆಯುವ ಯಂತ್ರಕ್ಕೆ ನಮ್ಮೂರಿನ ಸಮಯ. ಅದನ್ನು ಓದಿ ಎಸೆಯುವ ಸರ್ವರಿನ ಗಡಿಯಾರವನ್ನೋ, ಕಳೆದ ಭಾನುವಾರ ಆ ಕಂಪನಿಯವರು ದೂರದೇಶದ ತಮ್ಮ ಮುಖ್ಯ ಕಚೇರಿಯ ಸಮಯಕ್ಕೆ ತಿರುಗಿಸಿದ್ದರು. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಹೀಗಾಗಿ ಹತ್ತು ನಿಮಿಷದ ನಕಲು ಐದು ಗಂಟೆ ನಲವತ್ತು ನಿಮಿಷ ಬದುಕುತ್ತಿತ್ತು. ಚಹಾದವನ ಕೂಗುಗಳ ನಡುವೆ ಪ್ರತಿದಿನವೂ ಅಷ್ಟೇ ಅಂತರ.

"ಇವತ್ತು ಹತ್ತೂ ನಲವತ್ತಕ್ಕೆ ಬದಲಾಯ್ತು. ಇನ್ನು ನಾಲ್ಕೂ ಇಪ್ಪತ್ತಕ್ಕೇ. ಈಗ ಒಂದು ಗಂಟೆ. ಹೊಸ ಪ್ಲಾಟ್‌ಫಾರಂ ನಿಮ್ಮ ಕೈಯಾರೆ ನೀವೇ ಟೈಪ್ ಮಾಡಿ, ಕೂತ್ಕೊಳಿ."

ಮೇಲ್ವಿಚಾರಕರು ಟೈಪ್ ಮಾಡಿ ನನ್ನ ಪಕ್ಕ ಕೂತರು. ಮೂರು ಚಹಾ ಕುಡಿದರು. ಬೋರ್ಡು ಕದಲಲಿಲ್ಲ. ಮೊಂಡಿ ಕಿಟಕಿಯಿಂದ ತಲೆ ಹೊರಹಾಕಿ, ಗಂಟಲು ಹರಿಯುವಂತೆ ಪ್ಲಾಟ್‌ಫಾರಂ ಸಂಖ್ಯೆಗಳನ್ನು ಕೂಗುತ್ತಲೇ ಇದ್ದಳು.

ನಾಲ್ಕೂ ಇಪ್ಪತ್ತಕ್ಕೆ ಚಹಾದವನೆಂದ: "ಅಕ್ಕಾ, ಬಂತು."

ಅವರು ಮೆಲ್ಲಗೆ ಪತ್ರವನ್ನು ಮಡಚತೊಡಗಿದರು. ಮೊಂಡಿ ಕಿಟಕಿಯಿಂದ ಕೈ ಚಾಚಿದಳು. "ಕೊಡಿ ಸಾರ್ ಅದನ್ನ."

ಹಾಳೆಯ ಹಿಂಬದಿಯಲ್ಲಿ ನಡೆದದ್ದನ್ನು ನಾಲ್ಕು ಸಾಲು ಬರೆದು, ಪೆನ್ನನ್ನು ಅವರತ್ತಲೇ ತಳ್ಳಿದಳು. "ಈಗ ಸಹಿ ನಿಮ್ದು."

ಅವರು ನನ್ನ ಮುಖ ನೋಡಿದರು.

"ಹಾಕಿಬಿಡಿ," ಎಂದೆ. "ನನ್ನ ಅನುಭವದಲ್ಲಿ, ಸಂಜೆಯಾದರೂ ಅವಳು ಕದಲುವುದಿಲ್ಲ."